ಬಗ್ಗಿಯ ಆರ್ಮ್ ಮುರಿದರೆ: ಎರಡು ಹೀಟ್‌ಗಳ ನಡುವಿನ ರಿಪೇರಿ

1/10 ಅಳತೆಯ ಎಲೆಕ್ಟ್ರಿಕ್ ಆರ್‌ಸಿ (ರಿಮೋಟಿನಿಂದ ಓಡಿಸುವ) ಬಗ್ಗಿಗಳ, ಅಂದರೆ ಪುಟ್ಟ ರೇಸ್ ಕಾರುಗಳ, ಒಂದು ಹೀಟ್ (ಒಂದು ಸರದಿಯ ಓಟ) ಸಾಮಾನ್ಯವಾಗಿ 5 ನಿಮಿಷ. ಅಷ್ಟರೊಳಗೆ ಮುಂಭಾಗದ ಆರ್ಮ್ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಮುರಿಯಲು ಟ್ರ್ಯಾಕ್ ಅಂಚಿನ ಒಂದು ಪೈಪ್ ಸಾಕು. ಮುರಿಯುವುದು ತಪ್ಪಲ್ಲ. ಆದರೆ ಹೊಸ ಆರ್ಮ್ ಹಾಕಿಕೊಂಡು ಬಂದವರು ಮುಂದಿನ ಹೀಟಿನಲ್ಲಿ ನೇರ ರಸ್ತೆಯಲ್ಲೇ ಎಡಕ್ಕೆ ಎಳೆಯುತ್ತಾ ಒದ್ದಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮುರಿದದ್ದನ್ನು ಬದಲಿಸಿರುತ್ತಾರೆ, ಬಾಗಿದ್ದನ್ನು ನೋಡಿರುವುದಿಲ್ಲ.

1. ಟ್ರ್ಯಾಕಿನಲ್ಲಿ

ಬಗ್ಗಿ ಪಲ್ಟಿ ಹೊಡೆದ ಕೂಡಲೇ ಟ್ರಿಗರ್ ಬಿಡಿ. ಎತ್ತಲು ಬರುವ ಮಾರ್ಷಲ್‌ನ ಬೆರಳು ಉಳಿಯುತ್ತದೆ. ಚಕ್ರ ಸಿಕ್ಕಿಕೊಂಡಿರುವಾಗ ಥ್ರಾಟಲ್ ಒತ್ತಿದರೆ ಸ್ಪರ್ ಗೇರಿನ (ಮೋಟಾರ್ ತಿರುಗಿಸುವ ದೊಡ್ಡ ಗೇರ್) ಹಲ್ಲು ಉದುರುತ್ತದೆ, ಮೋಟಾರು, ಅದರ ವೇಗ ನಿಯಂತ್ರಿಸುವ ಇಎಸ್‌ಸಿ ಎರಡೂ ಕಾಯುತ್ತವೆ. ಹೀಟ್ ಮುಗಿದ ಮೇಲೆ ಮುಂದಿನ ಹೀಟಿಗೆ ನೀವೇ ಮಾರ್ಷಲ್, ರಿಪೇರಿ ಆಮೇಲೆ.

2. ಬ್ಯಾಟರಿ ತೆಗೆದು ಧೂಳು ಕೊಡವಿ

ಪೇಂಟ್ ಬ್ರಷ್ ಸಾಕು. ನಮ್ಮ ಕೆಂಪು ಮಣ್ಣಿನ ಧೂಳು ಹಿಟ್ಟಿನಷ್ಟು ನಯ, ಕಂಪ್ರೆಸರ್ ಗಾಳಿ ನೇರ ಹಿಡಿದರೆ ಬೇರಿಂಗ್ ಒಳಗೇ ಹೋಗಿ ಕೂರುತ್ತದೆ.

3. ಆರ್ಮ್ ಬದಲಾವಣೆ

ಎಲ್ಲರೂ ಎಡವುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಮೊದಲು ಶಾಕ್‌ನ (ಪೆಟ್ಟು ತಡೆಯುವ ಸ್ಪ್ರಿಂಗಿನ ಶಾಕ್ ಅಬ್ಸಾರ್ಬರ್) ಕೆಳತುದಿ ಬಿಚ್ಚಿ. ಆಮೇಲೆ ಆರ್ಮ್ ತಿರುಗುವ ಉಕ್ಕಿನ ಕಡ್ಡಿ, ಅಂದರೆ ಹಿಂಜ್ ಪಿನ್ ಎಳೆಯಿರಿ. ಸಲೀಸಾಗಿ ಬಂದರೆ ಸರಿ. ಇಕ್ಕಳ ಹಾಕಿ ತಿರುಚಿ ತೆಗೆಯಬೇಕಾಯಿತೆಂದರೆ ಪಿನ್ ಬಾಗಿದೆ ಎಂದೇ ಲೆಕ್ಕ. ಅನುಮಾನವಿದ್ದರೆ ಮೊಬೈಲ್ ಪರದೆಯ ಮೇಲೆ ಉರುಳಿಸಿ ನೋಡಿ: ಕುಣಿಯುತ್ತಾ ಉರುಳಿದರೆ ಎಸೆಯಿರಿ. ಸುತ್ತಿಗೆಯಿಂದ ನೆಟ್ಟಗೆ ಮಾಡುವ ಉಳಿತಾಯ ಬೇಡ, ಅದು ಕಣ್ಣಿಗಷ್ಟೇ ನೆಟ್ಟಗೆ.

ಹೊಸ ಆರ್ಮನ್ನು ಪಿನ್ನಿಗೆ ಪೋಣಿಸಿ, ಶಾಕ್ ಜೋಡಿಸದೆ ಮೇಲಕ್ಕೆತ್ತಿ ಬಿಡಿ. ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬೇಕು. ಅರ್ಧದಲ್ಲಿ ನಿಂತರೆ ಶಾಕ್ ಎಷ್ಟೇ ದುಬಾರಿಯದಾದರೂ ಬಗ್ಗಿ ಗುಂಡಿಯಲ್ಲಿ ಕುಪ್ಪಳಿಸುತ್ತದೆ. ಬಿಗಿಯಾದ ರಂಧ್ರಕ್ಕೆ ಪಿನ್ನಿನ ಅಳತೆಯದೇ ಆರ್ಮ್ ರೀಮರ್ (ರಂಧ್ರವನ್ನು ನಯವಾಗಿ ಹಿಗ್ಗಿಸುವ ಸಲಕರಣೆ) ಆಡಿಸಿ. ಎಣ್ಣೆ ಬಿಡಬೇಡಿ. ಹತ್ತು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಎಣ್ಣೆಯೂ ಧೂಳೂ ಸೇರಿ ಸಾಣೆಯ ಕೆಲಸ ಮಾಡುತ್ತವೆ.

ಇನ್ನು ಸ್ಕ್ರೂ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂವನ್ನು ಮೊದಲು ಹಿಂದಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುಗಿಸಿ. ‘ಟಿಕ್’ ಎಂದು ಹಳೆಯ ಮರೆಗೆ (ಸ್ಕ್ರೂ ಮೊದಲು ಕೊರೆದ ಗೆರೆಗೆ) ಇಳಿದದ್ದು ಕೈಗೆ ಗೊತ್ತಾಗುತ್ತದೆ. ಆಗ ಮುಂದಕ್ಕೆ ತಿರುಗಿಸಿ. ಹಾಗೆ ಮಾಡದೆ ಒತ್ತಿ ತಿರುಗಿಸಿದರೆ ಪ್ರತಿ ಸಲ ಹೊಸ ಮರೆ ಕೊರೆದು, ಕೊನೆಗೆ ರಂಧ್ರ ಬರಿದಾಗಿ ಸ್ಕ್ರೂ ಸುಮ್ಮನೆ ಸುತ್ತುತ್ತದೆ. ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು) ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ. ಪ್ಲಾಸ್ಟಿಕ್ಕಿಗೆ ತಗುಲಿದರೆ ಬಿರುಕು ಬಿಡಬಹುದು. ಕಿಟ್ ಜತೆ ಬರುವ ‘ಎಲ್’ ಆಕಾರದ ಕೀಲಿಗಳನ್ನು ಡ್ರಾಯರಿಗೆ ಹಾಕಿ ಮರೆತುಬಿಡಿ. ಅವು ಸ್ಕ್ರೂ ತಲೆಯನ್ನು ದುಂಡಗೆ ಮಾಡುತ್ತವೆ. ಗಟ್ಟಿ ತುದಿಯ ಒಳ್ಳೆಯ 2 ಮಿ.ಮೀ. ಹೆಕ್ಸ್ ಡ್ರೈವರಿಗೆ ಮೊದಲು ಹಣ ಹಾಕಿ, ಹೊಳೆಯುವ ಮೋಟಾರಿಗೆ ಆಮೇಲೆ.

ಇಷ್ಟಕ್ಕೆ ಮುಗಿಯಲಿಲ್ಲ. ಆರ್ಮ್ ಮುರಿಯುವಷ್ಟು ಪೆಟ್ಟು ಸುತ್ತಲಿನವಕ್ಕೂ ಬಿದ್ದಿರುತ್ತದೆ. ಕ್ಯಾಂಬರ್ ಲಿಂಕ್ (ಚಕ್ರದ ಓರೆ ಹಿಡಿದಿಡುವ ಮೇಲಿನ ಕಡ್ಡಿ) ಬಿಚ್ಚಿ ಇನ್ನೊಂದು ಬದಿಯದರ ಪಕ್ಕ ಇಟ್ಟು ನೋಡಿ. ಅದರ ತುದಿಯ ಬಾಲ್ ಕಪ್ (ಗುಂಡಿನ ಮೇಲೆ ಕೂರುವ ಪ್ಲಾಸ್ಟಿಕ್ ಬಟ್ಟಲು) ಬೆರಳಿನಿಂದ ಸುಲಭವಾಗಿ ಕಿತ್ತು ಬರುವಂತಿದ್ದರೆ ಮುಂದಿನ ಜಿಗಿತದಲ್ಲಿ ಅದೂ ಕೈಕೊಡುತ್ತದೆ, ಬದಲಿಸಿ. ಸ್ಟೀರಿಂಗ್ ಆ ಕಡೆ ಈ ಕಡೆ ನಿಧಾನಕ್ಕೆ ತಿರುಗಿಸಿ ಅದನ್ನು ತಿರುಗಿಸುವ ಪುಟ್ಟ ಮೋಟಾರು ಸರ್ವೋಗೆ ಕಿವಿಗೊಡಿ. ಒಂದೇ ಜಾಗದಲ್ಲಿ ಕಟಕಟ ಸದ್ದು ಬಂದರೆ ಒಳಗೆ ಹಲ್ಲು ಹೋಗಿದೆ.

ಸೂಪರ್ ಗ್ಲೂ? ಟಯರನ್ನು ರಿಮ್ಮಿಗೆ ಅಂಟಿಸಲು ಅದೇ ಬೇಕು. ನೈಲಾನ್ ಆರ್ಮಿಗೆ ಮಾತ್ರ ಅದು ಹಿಡಿಯುವುದಿಲ್ಲ.

ಅಲ್ಯುಮಿನಿಯಂ ಆರ್ಮ್ ಹಾಕಿದರೆ ಮುರಿಯುವ ತಾಪತ್ರಯವೇ ಇಲ್ಲವಲ್ಲ ಎನ್ನುವವರಿಗೆ: 1984ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಕಂಪನಿ ತಂದ ಆರ್‌ಸಿ10 ಬಗ್ಗಿಯ ಚಾಸಿಯನ್ನೇ ಅಲ್ಯುಮಿನಿಯಂನಲ್ಲಿ ಮಾಡಿದ್ದರು, ಆರ್ಮ್ ಮಾತ್ರ ನೈಲಾನ್. ಬಳುಕಬೇಕಾದದ್ದು ಬಳುಕದಿದ್ದರೆ ಪೆಟ್ಟು ಆರ್ಮ್ ಹಿಡಿದಿರುವ ಚೌಕಟ್ಟಿಗೆ, ಅಂದರೆ ಬಲ್ಕ್‌ಹೆಡ್ಡಿಗೆ ಹೋಗುತ್ತದೆ, ಅದನ್ನು ಬದಲಿಸಲು ಇಡೀ ಮುಂಭಾಗ ಬಿಚ್ಚಬೇಕು. ಅಗ್ಗದ ಆರ್ಮ್ ಎರಡು ಜೊತೆ ಪೆಟ್ಟಿಗೆಯಲ್ಲಿರಲಿ. ಹೊಸ ನೈಲಾನ್ ಆರ್ಮನ್ನು ಹಿಂದಿನ ದಿನ ಹದಿನೈದು ಇಪ್ಪತ್ತು ನಿಮಿಷ ನೀರಿನಲ್ಲಿ ಕುದಿಸಿಡಿ. ನೈಲಾನ್ ನೀರು ಹೀರಿಕೊಂಡು ಸ್ವಲ್ಪ ಬಳುಕುತ್ತದೆ, ತಟಕ್ಕನೆ ಮುರಿಯುವುದು ಕಡಿಮೆಯಾಗುತ್ತದೆ. ಅಡುಗೆ ಮನೆಯವರ ಅನುಮತಿ ನೀವೇ ಪಡೆಯಿರಿ.

4. ಗೇರ್ ಹೊಂದಾಣಿಕೆ

ಮೋಟಾರ್ ಸಡಿಲಿಸಿದ್ದರೆ ಮಾತ್ರ ಈ ಹಂತ. ನೋಟ್‌ಬುಕ್ ಹಾಳೆಯ ಒಂದು ಪಟ್ಟಿಯನ್ನು ಪಿನಿಯನ್ (ಮೋಟಾರಿನ ತುದಿಯ ಚಿಕ್ಕ ಗೇರ್) ಮತ್ತು ಸ್ಪರ್ ನಡುವೆ ತೂರಿಸಿ, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಗೇರ್ ತಿರುಗಿಸಿ ಹಾಳೆ ಹೊರತೆಗೆಯಿರಿ. ಮಡಿಕೆ ಮೂಡಿರಬೇಕು, ಹರಿದಿರಬಾರದು. ಸ್ಪರ್ ಪೂರ್ತಿ ಒಂದು ಸುತ್ತು ತಿರುಗಿಸಿ ಎಲ್ಲ ಕಡೆಯೂ ಕೂದಲೆಳೆಯಷ್ಟು ಆಟ ಇದೆಯೇ ನೋಡಿ. ಬಿಗಿಯಾದರೆ ಮೋಟಾರ್ ಕಾಯುತ್ತದೆ, ಸಡಿಲವಾದರೆ ಮೊದಲ ಜಿಗಿತಕ್ಕೇ ಹಲ್ಲು ಹೋಗುತ್ತದೆ.

5. ಬ್ಯಾಟರಿ

2ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ) ಪೂರ್ತಿ ತುಂಬಿದರೆ 8.4 ವೋಲ್ಟ್. ಚಾರ್ಜರಿನಲ್ಲಿ ಎಲ್ಲ ಸೆಲ್ಲುಗಳನ್ನು ಸಮನಾಗಿ ತುಂಬುವ ಬ್ಯಾಲೆನ್ಸ್ ಮೋಡ್ ಬಿಟ್ಟು ಬೇರೆ ಒತ್ತಬೇಡಿ, ಚಾರ್ಜಿಗಿಟ್ಟು ಚಹಾಕ್ಕೆ ಹೋಗಬೇಡಿ. ಪೆಟ್ಟಿನಿಂದ ಕವಚ ತಗ್ಗಿದ್ದರೆ ಅಥವಾ ಉಬ್ಬಿದ್ದರೆ ಆ ಪ್ಯಾಕ್ ಅಂದಿನಿಂದಲೇ ನಿವೃತ್ತ, ಮತ್ತೆ ಬಳಸಬೇಡಿ. ಮನೆಗೆ ಬಂದ ಮೇಲೆ ಸ್ಟೋರೇಜ್ ಮೋಡ್‌ನಲ್ಲಿ ಚೆನ್ನಾಗಿರುವ ಪ್ಯಾಕಿನ ಪ್ರತಿ ಸೆಲ್ಲನ್ನು 3.8 ವೋಲ್ಟಿಗೆ ತಂದು, ಬೆಂಕಿ ತಡೆಯುವ ಚೀಲದಲ್ಲಿಡಿ. ಬಗ್ಗಿಯೊಳಗೇ ಬಿಟ್ಟು ಮಲಗುವುದು ಬೇಡ.