ಹಳೇ ಛರ್ರಾ ಬಂದೂಕಿಗೆ ದುಡ್ಡು ಹಾಕುವ ಮುನ್ನ

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಯ ಮುಂದೆ ನಿಂತು ಐದಕ್ಕೆ ಐದೂ ತಪ್ಪಿಸಿಕೊಂಡವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ತಪ್ಪು ಅರ್ಧ ಬಂದೂಕಿನದು. ದಿನಕ್ಕೆ ನೂರಾರು ಸಲ ಮಡಚಿ ಬಿಚ್ಚಿದ ನಳಿಗೆಯ ಕೀಲು ಸಡಿಲಾಗಿರುತ್ತದೆ, ಮುಂದಿನ ಗುರಿಮೊನೆ ಒಂದು ಕಡೆ ವಾಲಿರುತ್ತದೆ, ಗಾಳಿ ತಡೆಯುವ ವಾಷರು ಒಣಗಿರುತ್ತದೆ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಏರ್ ರೈಫಲ್ಲಿನ (ಗಾಳಿಯ ಒತ್ತಡದಿಂದ ಛರ್ರಾ, ಅಂದರೆ ಸೀಸದ ಸಣ್ಣ ಗುಂಡು, ಹಾರಿಸುವ ಬಂದೂಕು) ಅಥವಾ ಯಾರೋ ಮಾರಲು ಇಟ್ಟ ಸೆಕೆಂಡ್ ಹ್ಯಾಂಡ್ ಬಂದೂಕಿನ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಹತ್ತು ಮೀಟರ್ ಗುರಿ ಅಭ್ಯಾಸಕ್ಕೆ ಅದನ್ನು ಸುಧಾರಿಸಿಕೊಳ್ಳಬಹುದೇ ಅನ್ನುವುದು ಪ್ರಶ್ನೆ. ಕೆಲವನ್ನು ಸುಧಾರಿಸಬಹುದು. ಕೆಲವಕ್ಕೆ ಹಾಕಿದ ದುಡ್ಡು ಎರೆ ಹೊಲದ ಬಿರುಕಿಗೆ ಸುರಿದ ನೀರು.

ಸ್ಕೋಪು, ಟ್ರಿಗರು, ಹೊಸ ಸ್ಪ್ರಿಂಗು ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಬಾಗಿದ ನಳಿಗೆ ಮತ್ತು ಸವೆದ ಕೀಲು ಸುಲಭಕ್ಕೆ ಸರಿಹೋಗುವುದಿಲ್ಲ. ಆದ್ದರಿಂದ ಪರೀಕ್ಷೆ ಶುರುವಾಗಬೇಕಾದದ್ದು ಅಲ್ಲಿಂದಲೇ. ಹೆಚ್ಚಿನವರು ಸ್ಕೋಪಿನಿಂದ ಶುರುಮಾಡುತ್ತಾರೆ, ಅಲ್ಲೇ ಎಡವುತ್ತಾರೆ.

ಕಾನೂನಿನ ಗೆರೆ ಎಲ್ಲಿದೆ

2016ರ ಆರ್ಮ್ಸ್ ರೂಲ್ಸ್ ಪ್ರಕಾರ ನಳಿಗೆಯ ಅಳತೆ 4.5 ಮಿ.ಮೀ. (ಪಾಯಿಂಟ್ 177) ಮೀರಿದರೆ ಅಥವಾ ಛರ್ರಾ ಹೊರಬೀಳುವಾಗಿನ ಶಕ್ತಿ 20 ಜೂಲ್ ದಾಟಿದರೆ ಏರ್ ರೈಫಲ್ಲಿಗೂ ಪರವಾನಗಿ ಬೇಕು. ಲೆಕ್ಕ ಕಷ್ಟವೇನಲ್ಲ: ತೂಕವನ್ನು ಕಿಲೋಗ್ರಾಮಿನಲ್ಲಿ ಇಟ್ಟುಕೊಂಡು ವೇಗದ ವರ್ಗದಿಂದ ಗುಣಿಸಿ, ಅರ್ಧ ಮಾಡಿ. 0.53 ಗ್ರಾಂ ಛರ್ರಾ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೆ ಸುಮಾರು 7.7 ಜೂಲ್. ಸ್ಪರ್ಧೆಯ ರೈಫಲ್ಲುಗಳು ಕೆಲಸ ಮಾಡುವುದು ಇದರ ಆಸುಪಾಸಿನಲ್ಲೇ. ಅದೇ ಛರ್ರಾ 275 ಮೀಟರ್ ವೇಗ ಮುಟ್ಟಿದರೆ 20 ಜೂಲಿನ ಗೆರೆ ಬಂದಂತೆ. ಅಂದರೆ ‘ಪವರ್ ಹೆಚ್ಚಿಸುವ’ ಗಟ್ಟಿ ಸ್ಪ್ರಿಂಗು ಗುರಿಗೂ ಬೇಡ, ಕಾನೂನಿಗೂ ಬೇಡ. ಹತ್ತು ಮೀಟರಿನ ಕಾಗದಕ್ಕೆ ತೂತು ಮಾಡಲು ಅಷ್ಟು ಬಲ ಯಾಕೆ? ಗಟ್ಟಿ ಸ್ಪ್ರಿಂಗ್ ಹಾಕಿದರೆ ಒದೆತ ಹೆಚ್ಚುತ್ತದೆ, ಗುಂಪು (ಕಾಗದದ ಮೇಲೆ ಬಿದ್ದ ತೂತುಗಳ ಗುಂಪು) ಹರಡುತ್ತದೆ, ಕೀಲು ಬೇಗ ಸವೆಯುತ್ತದೆ.

ಪಾಯಿಂಟ್ 22ರ ಸೆಮಿ ಆಟೊಮ್ಯಾಟಿಕ್ ಸೇರಿ ಸಿಡಿಮದ್ದಿನ ಯಾವುದೇ ಬಂದೂಕು ಈ ಲೇಖನದ ಹೊರಗಿನ ಮಾತು. ಅದನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. ಅದರ ರಿಪೇರಿ, ಬದಲಾವಣೆಗೂ 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಪರವಾನಗಿ ಇರುವವರೇ ಆಗಬೇಕು, ಮನೆಯ ಮೇಜಿನ ಮೇಲೆ ಅಲ್ಲ. ಇನ್ನು ಆ ಗೆರೆಯೊಳಗಿನ ಛರ್ರಾ ಬಂದೂಕಿಗೆ ಲೈಸೆನ್ಸ್ ಬೇಡ ಎಂದಮಾತ್ರಕ್ಕೆ ಚಿಂಚೋಳಿ ಕಾಡಿನಲ್ಲೋ ತೊಗರಿ ಹೊಲದಲ್ಲೋ ಹಕ್ಕಿ ಹೊಡೆಯಬಹುದು ಅಂತಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ.

ಮೊದಲ ಅರ್ಧ ಗಂಟೆ: ಗುಂಡು ಹಾರಿಸದೆ ನೋಡುವುದು

ಬೇಕಾದದ್ದು: ಮೊಬೈಲಿನ ಟಾರ್ಚು, ತೆಳುವಾದ ಟಿಶ್ಯೂ ಕಾಗದ, ಒಂದು ಚೂರು ಹತ್ತಿ, ನುಣುಪಾದ ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿ, ಹತ್ತು ಛರ್ರಾ, ಜೊತೆಗೆ ಇನ್ನೊಬ್ಬರು. ಕಣ್ಣಿಗೆ ಕನ್ನಡಕ ಇರಲಿ. ನಳಿಗೆ ಮಡಚಿದಾಗಲೆಲ್ಲ ಒಂದು ಕೈ ನಳಿಗೆಯನ್ನು ಗಟ್ಟಿಯಾಗಿ ಹಿಡಿದೇ ಇರಬೇಕು. ಸ್ಪ್ರಿಂಗನ್ನು ತಡೆದಿಡುವ ಒಳಗಿನ ಕೊಕ್ಕೆ ಸವೆದು ಜಾರಿದರೆ ನಳಿಗೆ ಬಡಿದುಕೊಂಡು ಮುಚ್ಚುತ್ತದೆ, ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ.

ಮೊದಲು ಕೀಲು. ಬಂದೂಕನ್ನು ಮುಚ್ಚಿದ ಸ್ಥಿತಿಯಲ್ಲಿ ತೊಡೆಯ ಮೇಲೆ ಅಡ್ಡ ಇಟ್ಟು, ನಳಿಗೆಯ ತುದಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಕಟಕ್ ಎಂದು ಸಣ್ಣ ಸದ್ದು ಬಂದರೂ ಆಟ ಇದೆ ಎಂದೇ ಅರ್ಥ. ಕೀಲಿನ ಬೋಲ್ಟನ್ನು ಕಾಲು ಸುತ್ತು ಬಿಗಿದು ಮತ್ತೆ ನೋಡಿ. ಆಟ ಹೋದರೆ ಒಳ್ಳೆಯದು. ಹೋಗದಿದ್ದರೆ ಒಳಗಿನ ವಾಷರು ಅಥವಾ ಬೋಲ್ಟಿನ ತೂತು ಸವೆದಿದೆ. ವಾಷರು ಸಿಕ್ಕರೆ ಬದಲಿಸಬಹುದು. ತೂತು ಅಂಡಾಕಾರ ಆಗಿದ್ದರೆ ಬಂದೂಕನ್ನು ಅಲ್ಲೇ ಇಟ್ಟು ಚಹಾ ಕುಡಿದು ಬನ್ನಿ. ಯಾಕೆಂದರೆ ಪೀಪ್ ಸೈಟು (ಸಣ್ಣ ತೂತಿನ ಮೂಲಕ ನೋಡುವ ಹಿಂದಿನ ಸೈಟು) ಅಥವಾ ಸ್ಕೋಪು ಕೂರುವುದು ಸ್ಪ್ರಿಂಗು ಇರುವ ಕೊಳವೆಯ ಮೇಲೆ, ಛರ್ರಾ ಹೊರಡುವುದು ನಳಿಗೆಯಿಂದ. ಎರಡರ ನಡುವಿನ ಕೋನ ಪ್ರತಿ ಸಲ ಬದಲಾಗುತ್ತಿದ್ದರೆ ಯಾವ ದುಬಾರಿ ಸ್ಕೋಪೂ ಗುರಿ ತೋರಿಸಲಾರದು.

ಆಮೇಲೆ ನಳಿಗೆ. ಬ್ರೀಚ್ (ಛರ್ರಾ ಹಾಕುವ ನಳಿಗೆಯ ಹಿಂತುದಿ) ಕಾಣುವಷ್ಟು ಮಾತ್ರ ಮಡಚಿ, ಒಳಗೆ ಛರ್ರಾ ಇಲ್ಲವೆಂದು ಖಚಿತ ಮಾಡಿಕೊಂಡು, ಬ್ರೀಚಿನ ಹತ್ತಿರ ಬಿಳಿ ಕಾಗದ ಹಿಡಿದು ಅದರ ಮೇಲೆ ಟಾರ್ಚು ಬಿಡಿ. ಬಾಯಿಯ ಕಡೆಯಿಂದ ಕಣ್ಣಿಡಬೇಡಿ, ಇನ್ನೊಬ್ಬರು ಮೊಬೈಲ್ ಕ್ಯಾಮೆರಾ ಇಡಲಿ. ನೆಟ್ಟಗಿನ ನಳಿಗೆಯಲ್ಲಿ ಬೆಳಕಿನ ಉಂಗುರಗಳು ಒಂದರೊಳಗೊಂದು ಸರಿಯಾಗಿ ಕೂರುತ್ತವೆ. ಬಾಗಿದ್ದರೆ ಉಂಗುರಗಳು ಒಂದು ಪಕ್ಕಕ್ಕೆ ಸರಿದು ಚಂದ್ರನ ಕೋರೆಯಂತೆ ಕಾಣುತ್ತವೆ. ನಳಿಗೆ ಪೂರ್ತಿ ತೆರೆದಿರುವಾಗಲೇ ಯಾರೋ ಟ್ರಿಗರ್ ಎಳೆದಿದ್ದರೆ ಬಾಗುವುದು ಸಾಮಾನ್ಯ. ಮಕ್ಕಳ ಕೈಗೆ ಸಿಕ್ಕ ಬಂದೂಕಿನಲ್ಲಿ ಇದನ್ನು ಮೊದಲು ಹುಡುಕಬೇಕು. ಮೊಣಕಾಲಿಗೆ ಆನಿಸಿ ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ, ಬಿಟ್ಟುಬಿಡಿ.

ನಳಿಗೆಯ ಬಾಯಿಯ ಅಂಚಿನ ಸುತ್ತ ಹತ್ತಿಯನ್ನು ಮೆಲ್ಲಗೆ ಉಜ್ಜಿ. ಎಳೆ ಸಿಕ್ಕಿಕೊಂಡ ಜಾಗದಲ್ಲಿ ಚಿವುಟಿದ ಗಾಯ ಇದೆ. ಛರ್ರಾದ ಬುಡ ಕೊನೆಗೆ ಬಿಡುವ ಜಾಗ ಅದು. ಅಲ್ಲಿ ಗಾಳಿ ಒಂದು ಕಡೆಯಿಂದ ಮೊದಲು ನುಗ್ಗಿದರೆ ಛರ್ರಾ ಓಲಾಡುತ್ತಾ ಹೊರಡುತ್ತದೆ. ಇದನ್ನು ಲೇತಿನವರು ಸರಿಮಾಡಬಹುದು, ದೊಡ್ಡ ಖರ್ಚಲ್ಲ.

ಇನ್ನೊಂದು ಪರೀಕ್ಷೆ ಬೆರಳಿಗೆ ಬಿಟ್ಟದ್ದು. ಬ್ರೀಚನ್ನು ಅಷ್ಟೇ ತೆರೆದಿಟ್ಟು ಬಾಯಿಯ ಕಡೆಯಿಂದ ಒಂದು ಛರ್ರಾ ಹಾಕಿ ಕಡ್ಡಿಯಿಂದ ಒಂದೇ ಸಮ ಒತ್ತಿ. ಶುರುವಿನಲ್ಲಿ ತುಸು ಬಿಗಿ ಇದ್ದರೆ ಅದು ಚೋಕ್ (ಬಾಯಿಯ ಹತ್ತಿರ ಬೇಕೆಂದೇ ಕಿರಿದು ಮಾಡಿದ ಜಾಗ), ದೋಷವಲ್ಲ. ಆಮೇಲೆ ಸಮವಾಗಿ ಸಾಗಬೇಕು. ನಡುವೆ ಸರ್ರನೆ ಜಾರಿ ಮತ್ತೆ ತಡೆದರೆ ಒಳಗೆ ತುಕ್ಕಿನ ಗುಳಿ ಅಥವಾ ಸೀಸದ ಪದರ ಇದೆ. ಪದರವಾದರೆ ಎಣ್ಣೆಯ ಬಟ್ಟೆಯಿಂದ ನಾಲ್ಕೈದು ಸಲ ಒರೆಸಿದ ಮೇಲೆ ಹೋಗುತ್ತದೆ. ಗುಳಿ ಹೋಗುವುದಿಲ್ಲ.

ಹಾರಿಸಿ ನೋಡುವುದು

ಇಲ್ಲಿ ನಮ್ಮ ಕಡೆಯ ಒಂದು ಅಪಾಯ ಇದೆ: ಶಹಾಬಾದ್ ಪರ್ಸಿ. ಮಾಳಿಗೆಯ ಪ್ಯಾರಾಪೆಟ್ಟಿಗೂ ಅಂಗಳದ ಗೋಡೆಗೂ ಅದನ್ನೇ ಹಾಸಿರುತ್ತಾರೆ, ಅದರ ಮುಂದೆ ರಟ್ಟಿನ ಗುರಿ ಆನಿಸಿಬಿಡುತ್ತಾರೆ. ಸೀಸದ ಛರ್ರಾ ಆ ಕಲ್ಲಿಗೆ ನೇರ ಬಡಿದು ಬಂದ ದಾರಿಯಲ್ಲೇ ವಾಪಸು ಬರುತ್ತದೆ. ಹಿಂದೆ ಪೆಟ್ಟಿಗೆ ಬೇಕು: ಒಳಗೆ 3 ಮಿ.ಮೀ. ಉಕ್ಕಿನ ತಗಡು 45 ಡಿಗ್ರಿ ಮುಂದಕ್ಕೆ ಬಾಗಿರಲಿ, ಕೆಳಗೆ ಹಳೇ ಬಟ್ಟೆ ತುಂಬಿರಲಿ. ತಪ್ಪಿದ ಛರ್ರಾ ಇನ್ನೂರು ಮೀಟರ್ ದಾಟಿಯೂ ಹೋಗಬಲ್ಲದು, ಆದ್ದರಿಂದ ಪೆಟ್ಟಿಗೆಯ ಹಿಂದೆಯೂ ಗೋಡೆ ಇರಲೇಬೇಕು.

ಖಾಲಿ ಬಂದೂಕನ್ನು ಟಪ್ ಎಂದು ಹಾರಿಸಬೇಡಿ. ಮುಂದೆ ಛರ್ರಾದ ತಡೆ ಇಲ್ಲದಿದ್ದರೆ ಗಾಳಿಯ ದಿಂಬು ಇಲ್ಲದೆ ಪಿಸ್ಟನ್ (ಸ್ಪ್ರಿಂಗು ತಳ್ಳಿದಾಗ ಗಾಳಿಯನ್ನು ಒತ್ತುವ ಭಾಗ) ಕೊಳವೆಯ ಕೊನೆಗೆ ನೇರ ಗುದ್ದುತ್ತದೆ.

ಬ್ರೀಚಿನ ಕೂಡುಗೆರೆಯ ಮೇಲೆ ಟಿಶ್ಯೂವಿನ ಒಂದು ಎಳೆ ಇಟ್ಟು ಹಾರಿಸಿ. ಎಳೆ ಹಾರಿಹೋದರೆ ಅಲ್ಲಿನ ಓ-ರಿಂಗ್ (ರಬ್ಬರಿನ ಉಂಗುರ) ಗಾಳಿ ಬಿಡುತ್ತಿದೆ. ಹತ್ತಾರು ರೂಪಾಯಿಯ ವಸ್ತು. ಅದನ್ನು ಬದಲಿಸಿದ ಮೇಲೆಯೇ ಪಿಸ್ಟನ್ನಿನ ಬಗ್ಗೆ ತೀರ್ಪು ಕೊಡಿ. ಹಾರಿಸಿದಾಗ ಬಾಯಿಯಿಂದ ಹೊಗೆ ಬಂದು ಪಟಾಕಿಯಂತೆ ಸಿಡಿದರೆ, ಮಾರುವವರು ಹೊಲಿಗೆ ಮಷೀನಿನ ಎಣ್ಣೆ ಬಿಟ್ಟಿದ್ದಾರೆ ಎಂದು ತಿಳಿಯಿರಿ. ಒತ್ತಿದ ಗಾಳಿಯ ಕಾವಿಗೆ ಆ ಎಣ್ಣೆ ಡೀಸೆಲ್ ಇಂಜಿನ್ನಿನಲ್ಲಿ ಉರಿದ ಹಾಗೆ ಉರಿಯುತ್ತದೆ, ಪಿಸ್ಟನ್ನಿನ ಸೀಲು ಸುಡುತ್ತದೆ. ಇಂಥ ಬಂದೂಕು ಮೊದಲ ಹತ್ತು ಹೊಡೆತದಲ್ಲಿ ಭಾರಿ ಬಲ ತೋರಿಸುತ್ತದೆ, ಆಮೇಲೆ ಕುಸಿಯುತ್ತದೆ. ಹಳೇ ಬಂದೂಕಿನ ಚರ್ಮದ ಸೀಲಿಗೆ ಮಾತ್ರ ಒಂದೆರಡು ಹನಿ ಎಣ್ಣೆ ಬೇಕು. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಚರ್ಮ ಒಣಗಿ ಮುದುಡುತ್ತದೆ. ಸಿಂಥೆಟಿಕ್ ಸೀಲಿಗೆ ಬೇಡ.

ಟ್ರಿಗರಿಗೆ ಲಗೇಜು ತೂಗುವ ಕೊಕ್ಕೆಯ ತಕ್ಕಡಿ ಸಾಕು. ಛರ್ರಾ ತುಂಬಿ, ಬಾಯಿ ಪೆಟ್ಟಿಗೆಯ ಕಡೆಗಿಟ್ಟು, ಕೊಕ್ಕೆಯನ್ನು ನೇರ ಹಿಂದಕ್ಕೆ ಎಳೆದು ಬಿಡುವ ಕ್ಷಣದ ತೂಕ ಬರೆದುಕೊಳ್ಳಿ, ಹತ್ತು ಸಲ. ಎರಡು ಕಿಲೋ ಇದ್ದರೂ ಪ್ರತಿ ಸಲ ಎರಡೇ ಕಿಲೋ ಬಂದರೆ ಪಳಗಬಹುದು. ಒಮ್ಮೆ ಒಂದೂವರೆ, ಒಮ್ಮೆ ಎರಡೂವರೆ ಬಂದರೆ ಒಳಗಿನ ಕೊಕ್ಕೆ ಸವೆದಿದೆ. ಆಮೇಲೆ ಮತ್ತೆ ಛರ್ರಾ ತುಂಬಿ, ಸೇಫ್ಟಿ ತೆಗೆದು, ಬಾಯಿ ಪೆಟ್ಟಿಗೆಯ ಕಡೆಗೇ ಇರುವಂತೆ, ಹಿಡಿಯ (ಹೆಗಲಿಗೆ ಆನಿಸುವ ಭಾಗ) ಬುಡಕ್ಕೆ ಅಂಗೈಯಿಂದ ಎರಡು ಪೆಟ್ಟು ಕೊಡಿ. ತಾನಾಗಿ ಹಾರಿದರೆ ಆ ಬಂದೂಕು ಯಾವ ಬೆಲೆಗೂ ಬೇಡ. ಟ್ರಿಗರು ಹಗುರ ಮಾಡಲೆಂದು ಒಳಗಿನ ಕೊಕ್ಕೆಯನ್ನು ಅರದಿಂದ ಉಜ್ಜಿದ ಬಂದೂಕುಗಳು ಹೀಗೆ ಹಾರುತ್ತವೆ.

ಕೊನೆಗೆ ಗುಂಪು. ಹತ್ತು ಮೀಟರಿನಿಂದ ಐದೈದರ ಐದು ಗುಂಪು, ಒಟ್ಟು 25 ಛರ್ರಾ, ಪ್ರತಿ ಗುಂಪಿಗೂ ಬೇರೆ ಕಾಗದ. ಮರಳಿನ ಚೀಲದ ಮೇಲೆ ಬಂದೂಕನ್ನು ಒತ್ತಿ ಹಿಡಿದರೆ ಸ್ಪ್ರಿಂಗ್ ರೈಫಲ್ ಕುಣಿಯುತ್ತದೆ. ಮುಂದಿನ ಕೈಯ ಅಂಗೈ ತೆರೆದು ಅದರ ಮೇಲೆ ಸುಮ್ಮನೆ ಕೂರಿಸಿ, ಅಂಗೈ ಕೆಳಗೆ ಚೀಲ ಇರಲಿ, ಹೆಗಲಿಗೆ ಹಗುರವಾಗಿ ತಾಗಿಸಿ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಅಂಚಿಗೆ ಅಳೆದು 4.5 ಕಳೆಯಿರಿ. ಸರಾಸರಿ 10 ಮಿ.ಮೀ. ಒಳಗಿದ್ದರೆ ಖರ್ಚಿಗೆ ಯೋಗ್ಯ ಬಂದೂಕು. 15ರ ತನಕ ಬಂದರೆ ಮೊದಲು ಸ್ಕ್ರೂ ನೋಡಿ. ಹಿಡಿಗೆ ಕಬ್ಬಿಣ ಕೂಡಿಸುವ ಮುಂದಿನ ಎರಡು ಸ್ಕ್ರೂಗಳು ಒದೆತಕ್ಕೆ ಸಡಿಲಾಗಿ, ಗುಂಪು ಹರಡಿದ್ದಕ್ಕೆ ಜನ ಛರ್ರಾವನ್ನು ಬೈಯುತ್ತಿರುತ್ತಾರೆ. ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿಯಿರಿ. ಮೂರು ಬೇರೆ ಬ್ರ್ಯಾಂಡಿನ ಛರ್ರಾ ಹಾಕಿಯೂ 20 ದಾಟಿದರೆ ಮುಂದಕ್ಕೆ ಹೋಗಬೇಡಿ.

ಛರ್ರಾ ಆರಿಸುವುದಕ್ಕೂ ಒಂದು ಉಪಾಯ ಇದೆ. ಕಿಟಕಿಯ ಗಾಜಿನ ಹಾಳೆಯನ್ನು ಬೆರಳುದ್ದ ಓರೆ ಇಟ್ಟು ಒಂದೊಂದೇ ಉರುಳಿಸಿ. ಬುಡ ಅಗಲ, ತಲೆ ಸಣ್ಣ ಇರುವುದರಿಂದ ಅದು ಬಿಲ್ಲಿನಂತೆ ಬಾಗಿ ಉರುಳುತ್ತದೆ. ಬುಡ ಜಜ್ಜಿದ್ದು ಕುಂಟುತ್ತಾ ಉರುಳುತ್ತದೆ. ಅಗ್ಗದ ಡಬ್ಬಿಯಲ್ಲಿ ಕುಂಟುವವು ಕಡಿಮೆ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಸೀಸ ಅದು.

ಗಾಳಿ ಸಿಲಿಂಡರಿನ ರೈಫಲ್ಲು

ಪಿಸಿಪಿ ಅಂದರೆ ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಬಗೆ. ಸ್ಪರ್ಧೆಯ ರೈಫಲ್ಲುಗಳು ಇವೇ. ಒದೆತ ಇಲ್ಲದ್ದರಿಂದ ಸುಧಾರಿಸಲು ಒಳ್ಳೆಯ ಬುನಾದಿ, ಆದರೆ ಸಿಲಿಂಡರ್ ಸರಿಯಿದ್ದರೆ ಮಾತ್ರ. ಮೊದಲು ಅದರ ಮೇಲೆ ಕೆತ್ತಿದ ತಯಾರಿ ತಾರೀಖು ನೋಡಿ. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಸ್ಪರ್ಧೆಗಳಲ್ಲಿ ಹತ್ತು ವರ್ಷ ದಾಟಿದ ಸಿಲಿಂಡರಿಗೆ ಪ್ರವೇಶವಿಲ್ಲ. ತುಂಬಿ, ಮೀಟರಿನ ಮುಳ್ಳಿನ ಫೋಟೊ ತೆಗೆದು, 24 ಗಂಟೆ ಬಿಟ್ಟು ಮತ್ತೆ ನೋಡಿ. ಇಳಿದಿದ್ದರೆ ಸೋಪಿನ ನೊರೆ ಹಚ್ಚಿ ಸೋರುವ ಜಾಗ ಹುಡುಕಿ. ಒತ್ತಡ ಇರುವಾಗ ಮಾತ್ರ ಯಾವ ಸ್ಕ್ರೂವನ್ನೂ ಮುಟ್ಟಬೇಡಿ. ಬೆಳಿಗ್ಗೆ 25 ಡಿಗ್ರಿಯಲ್ಲಿ 200 ಬಾರ್ ತುಂಬಿದ್ದು 45 ಡಿಗ್ರಿಯಲ್ಲಿ ಸುಮಾರು 213 ಬಾರ್ ಆಗುತ್ತದೆ. ಮೇ ತಿಂಗಳಲ್ಲಿ ಕಾರಿನೊಳಗೆ ಬಿಟ್ಟರೆ ಇನ್ನೂ ಏರುತ್ತದೆ. ತುಂಬಲು ಕೈಪಂಪು ಬಳಸಿ. ವೆಲ್ಡಿಂಗ್ ಗ್ಯಾಸ್ ಅಂಗಡಿಯ ಆಕ್ಸಿಜನ್ ಎಂದೂ ಬೇಡ: ಒಳಗಿನ ಗ್ರೀಸು ಆ ಒತ್ತಡದ ಆಕ್ಸಿಜನ್ನಿನಲ್ಲಿ ತಾನೇ ಹೊತ್ತಿಕೊಂಡು ಸಿಲಿಂಡರ್ ಸಿಡಿಯುತ್ತದೆ.

ಇಷ್ಟಾದ ಮೇಲೆ ಖರ್ಚು

ಮೊದಲ ದುಡ್ಡು ಹಿಡಿಗೆ. 6 ಮಿ.ಮೀ. ಇವಿಎ ಫೋಮಿನ ಹಾಳೆ ಪದರ ಪದರವಾಗಿ ಅಂಟಿಸಿ, ಕೆನ್ನೆ ಒರಗಿಸಿದ ಕೂಡಲೇ ಕಣ್ಣು ಸೈಟಿನ ನೇರಕ್ಕೆ ಬರುವಂತೆ ಎತ್ತರಿಸಿ. ಇನ್ನೂರು ರೂಪಾಯಿಯೊಳಗೆ ಆಗುವ ಈ ಕೆಲಸ ಎಷ್ಟೋ ಸಲ ಸ್ಕೋಪಿಗಿಂತ ಹೆಚ್ಚು ಅಂಕ ಕೊಡುತ್ತದೆ. ಆಮೇಲೆ ಟ್ರಿಗರ್, ಅದೂ ಆ ಮಾಡೆಲ್ಲಿಗೇ ಮಾಡಿದ ಬಿಡಿಭಾಗ ಸಿಕ್ಕರೆ. ಮೂರನೆಯದು ಸೈಟು. 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಟೆಲಿಸ್ಕೋಪ್ ನಿಷಿದ್ಧ, ಪೀಪ್ ಸೈಟೇ ಬೇಕು. ಕೊಳ್ಳುವ ಮುನ್ನ ಕೊಳವೆಯ ಮೇಲಿನ ಡವ್‌ಟೇಲ್ ಹಳಿ (ಸೈಟು ಸಿಕ್ಕಿಸುವ ಪಟ್ಟಿ) 11 ಮಿ.ಮೀ. ಇದೆಯೇ ಅಳೆಯಿರಿ. ಮನೆಯ ಅಭ್ಯಾಸಕ್ಕೆ ಸ್ಕೋಪೇ ಬೇಕೆಂದರೆ ಸ್ಪ್ರಿಂಗ್ ಬಂದೂಕಿಗೆಂದೇ ಮಾಡಿದ್ದನ್ನು ಕೊಳ್ಳಿ. ಈ ಬಂದೂಕು ಹಿಂದಕ್ಕೂ ಒದೆಯುತ್ತದೆ, ಮರುಕ್ಷಣ ಮುಂದಕ್ಕೂ ಒದೆಯುತ್ತದೆ. ಆ ಎರಡನೇ ಒದೆತಕ್ಕೆ ಸಾಮಾನ್ಯ ಸ್ಕೋಪಿನ ಒಳಗಿನ ಲೆನ್ಸು ಕಳಚುತ್ತದೆ. ಫೋಕಸ್ 10 ಮೀಟರಿಗೆ ಇಳಿಯುವಂಥದ್ದೇ ಆಗಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ. ಅದಾದ ಮೇಲೆ ಅದೇ ಡಬ್ಬಿಯ 25 ಛರ್ರಾ, ಅದೇ ಹತ್ತು ಮೀಟರ್, ಮತ್ತೆ ಐದು ಗುಂಪು, ಹಳೆಯ ಕಾಗದಗಳ ಪಕ್ಕದಲ್ಲಿಟ್ಟು ಅಳತೆ. ಗುಂಪು ಕಿರಿದಾಗದಿದ್ದರೆ ಬಿಲ್ಲು ಹರಿಯುವ ಮುನ್ನ ಆ ಭಾಗವನ್ನು ಅಂಗಡಿಗೆ ವಾಪಸು ಕೊಡಿ.