ಕಾಂಡ್ಲ ತೊಗಟೆ ಮೇಲಿನ ಎಲೆ ಲೈಕನ್: ನಾನು ಹೆಸರು ಪತ್ತೆ ಮಾಡಿದ್ದು ಹೀಗೆ

ಅಘನಾಶಿನಿ ಅಳಿವೆ ಕಡೆ ಕಾಂಡ್ಲ ಮರಗಳ ತೊಗಟೆ ನೋಡಿದ್ರೆ ಹೆಚ್ಚಾಗಿ ಕಾಣೋದು ಸುಣ್ಣ ಬಳಿದ ಹಾಗೆ ಅಂಟ್ಕೊಂಡಿರೋ ಲೈಕನ್‌ಗಳೇ (ಶಿಲೀಂಧ್ರ, ಪಾಚಿ ಒಟ್ಟಿಗೆ ಸೇರಿ ಬದುಕೋ ಜೀವಿ), ಎಲೆ ಥರ ಅಂಚು ಎದ್ದಿರೋದು ನನ್ನ ಕಣ್ಣಿಗೆ ಬಿದ್ದಿದ್ದು ಅಪರೂಪ. ಇದು ಇದ್ದಿದ್ದು ಅವಿಸೀನಿಯಾ ಅನ್ನೋ ಜಾತಿಯ ಹಳೇ ಕಾಂಡ್ಲ ಮರದಲ್ಲಿ, ಭರತದ ನೀರು ಮುಟ್ಟೋ ಗುರುತಿಗಿಂತ ಮೇಲೆ, ಬೂದು ಬಣ್ಣ, ಅಂಗೈಯಷ್ಟಗಲ. ಇಳಿತದ ಟೈಮ್ ನೋಡ್ಕೊಂಡು ಹೋಗಿ, ಅರಣ್ಯ ಇಲಾಖೆ ಪರ್ಮಿಷನ್ ಇಲ್ದೆ ಒಂದು ಚೂರೂ ಕೀಳ್ಬೇಡಿ.

ಮೇಲಿಂದ ತೆಗೆದ ಫೋಟೋ ನೋಡಿ ಜಾತಿ ಹೇಳ್ತೀನಿ ಅನ್ನೋರನ್ನ ನಾನಂತೂ ನಂಬಲ್ಲ. ಮೊದ್ಲು ತಿರುಗಿಸಿ ನೋಡ್ಬೇಕು. ಅಡಿ ಕಪ್ಪಗಿತ್ತು, ನಡುವೆ ಬೇರಿನ ಎಳೆ ಥರ ರೈಜೀನ್‌ಗಳು, ಅಂಚಿನ ಉದ್ದಕ್ಕೂ ಕಂದು ಪಟ್ಟಿ ಬೋಳು, ಅಂದ್ರೆ ಪಾರ್ಮೋಟ್ರೀಮಾ ಅನ್ನೋ ಕುಲ (ಡಿರಿನೇರಿಯಾ ಅನ್ನೋ ಇನ್ನೊಂದು ಕುಲ ಆಗಿದ್ರೆ ರೈಜೀನೇ ಇರಲ್ಲ). ಲೆನ್ಸಲ್ಲಿ ಅಂಚು ನೋಡಿದ್ರೆ ಕೂದಲಿಲ್ಲ, ಉಜ್ಜಿದ್ರೆ ಪುಡಿ ಉದುರೋ ಸೊರೇಲಿಯಾ ಮಾತ್ರ ಅಂಚಲ್ಲೇ ಸಾಲಾಗಿ ಇದ್ವು.

ಇಲ್ಲಿಂದ ಮುಂದೆ ಕಣ್ಣು ಸಾಲಲ್ಲ, ಕೆಮಿಕಲ್ ಬೇಕು. ಬ್ಲೇಡಲ್ಲಿ ಮೇಲಿನ ಪದರ ಹೆರೆದು ಒಳಗಿನ ಬಿಳಿ ಮೆಡುಲ್ಲಾ ಬಿಡಿಸಿ, ಒಂದು ಕಡೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಬೇರೆ ಚೂರಿನ ಮೇಲೆ ಬ್ಲೀಚ್, ಎರಡೂ ಸಣ್ಣ ಹನಿ. ಮೊದಲನೇದಕ್ಕೆ ಹಳದಿಯಾಗಿ ಕೆಂಪಾದ್ರೆ ಪಾರ್ಮೋಟ್ರೀಮಾದಲ್ಲೇ ಕ್ರಿಸ್ಟಿಫೆರಮ್ ಅನ್ನೋ ಜಾತಿ, ಬ್ಲೀಚಿಗೆ ತಕ್ಷಣ ಕೆಂಪಾದ್ರೆ ಆಸ್ಟ್ರೋಸಿನೆನ್ಸ್. ನಂದು ಎರಡಕ್ಕೂ ಬಿಳೀನೇ. ಬ್ಲೀಚು ಬೇಗ ಕೆಟ್ಟೋಗುತ್ತೆ ಅನ್ನೋ ಅನುಮಾನ ಯಾವಾಗ್ಲೂ ಇರೋದ್ರಿಂದ ಅಡುಗೆಮನೆ ಮಸಾಲೆ ಡಬ್ಬಿಯಿಂದ ಕಲ್ಲುಹೂವಿನ ಚೂರುಗಳನ್ನ ತಗೊಂಡು ಅದಕ್ಕೂ ಹನಿ ಹಾಕ್ದೆ, ಅಂಗಡಿ ಕಲ್ಲುಹೂವಲ್ಲಿ ಪಾರ್ಮೋಟ್ರೀಮಾ ಟಿಂಕ್ಟೋರಮ್ ಬೆರೆತಿರುತ್ತೆ, ಅದರಲ್ಲಿ ಲೆಕನೋರಿಕ್ ಆಸಿಡ್ ಇರೋದ್ರಿಂದ ಮೆಡುಲ್ಲಾ ಕೆಂಪಾಗ್ಲೇಬೇಕು. ಒಂದು ಚೂರು ಆಯ್ತು ಕೂಡ, ಹಾಗಾಗಿ ಬ್ಲೀಚು ಸರಿಯಿತ್ತು. ಹನಿ ಹಾಕಿದ್ದನ್ನ ವಾಪಸ್ ಡಬ್ಬಿಗೆ ಹಾಕ್ಬೇಡಿ ಮತ್ತೆ!

ಎರಡಕ್ಕೂ ಬಿಳಿ ಅಂತ ಅಲ್ಲಿಗೇ ನಿಲ್ಲಿಸೋ ಹಾಗಿಲ್ಲ, ಯಾಕಂದ್ರೆ ಡೈಲಟೇಟಮ್ ಅಂತ ಇನ್ನೊಂದಿದೆ, ಅದರ ಪ್ರೋಟೋಸೆಟ್ರಾರಿಕ್ ಆಸಿಡ್ ಪ್ಯಾರಾಫಿನೈಲಿನ್‌ಡೈಅಮೀನ್ ಹಾಕಿದ್ರೆ ಕಿತ್ತಳೆಗೆಂಪಾಗುತ್ತೆ. ಆ ಕೆಮಿಕಲ್ ವಿಷ, ಮನೇಲಿ ಬೇಡ, ಗೊತ್ತಿರೋ ಲ್ಯಾಬಲ್ಲಿ ಗ್ಲೌಸ್ ಹಾಕ್ಕೊಂಡು ಮಾಡಿಸ್ದೆ. ಬಣ್ಣ ಬರ್ಲಿಲ್ಲ. ಟಿಎಲ್‌ಸಿ (ಒಳಗಿರೋ ಕೆಮಿಕಲ್‌ಗಳನ್ನ ಬೇರೆ ಬೇರೆ ಕಲೆಗಳಾಗಿ ತೋರಿಸೋ ಪರೀಕ್ಷೆ) ಪ್ಲೇಟಲ್ಲಿ ಫ್ಯಾಟಿ ಆಸಿಡ್ ಕಲೆಗಳು ಕಂಡ್ವು, ಅಲ್ಲಿಗೆ ಪಾರ್ಮೋಟ್ರೀಮಾ ಪ್ರೀಸೊರೆಡಿಯೋಸಮ್ ಅಂತ ಬರ್ದೆ. ಉಷ್ಣವಲಯದಲ್ಲಿ ಬೇರೆ ಕಡೆ ಸಿಗೋ ಜಾತೀನೇ ಇದು, ಅದಕ್ಕೇ ಲೇಬಲ್ಲಲ್ಲಿ "ಅಪರೂಪ" ಅಂತ ಹಾಕಿಲ್ಲ, ಮರದ ಹೆಸರು, ಭರತದ ಗುರುತಿನಿಂದ ಎಷ್ಟು ಮೇಲೆ, ಕಾಂಡದ ಯಾವ ದಿಕ್ಕು, ಇಷ್ಟು ಹಾಕಿದೀನಿ.