ಗುದ್ದಿದವನ ಹತ್ತಿರ ಇನ್ಶೂರೆನ್ಸ್ ಇಲ್ಲ ಅಂದರೆ

ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದು ಕಾರು ಕೊಂಡಿದ್ದೀರಾ? ಇನ್ಶೂರೆನ್ಸ್ ಇಲ್ಲದವನು ನಿಮಗೆ ಗುದ್ದಿದರೆ ಅವನಿಂದ ಬಿಡಿಗಾಸೂ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ವಕೀಲರಿಲ್ಲದೆ 12,500 ಡಾಲರ್‌ವರೆಗೆ ಕೇಳಬಹುದು, ಗೆಲ್ಲಲೂಬಹುದು. ಆದರೆ ಪ್ರೀಮಿಯಂ ಕಟ್ಟಲಾಗದವನಿಂದ ವಸೂಲಿ ಮಾಡುವುದಾದರೂ ಏನನ್ನು? ದುಡ್ಡು ಬರಬೇಕಾದ್ದು ನಿಮ್ಮದೇ ಪಾಲಿಸಿಯಿಂದ. ಅದನ್ನು ನಮ್ಮಲ್ಲಿ ಬಹಳ ಜನ ಪಾಲಿಸಿ ತೆಗೆದುಕೊಳ್ಳುವಾಗಲೇ ಕೈಯಾರೆ ಬಿಟ್ಟುಕೊಟ್ಟಿರುತ್ತೇವೆ.

ಊರಿನಲ್ಲಿ ಇನ್ಶೂರೆನ್ಸ್ ಅಂದರೆ ಟ್ರಾಫಿಕ್ ಪೊಲೀಸರಿಗೆ ತೋರಿಸುವ ಕಾಗದ. 'ಥರ್ಡ್ ಪಾರ್ಟಿ ಸಾಕು ಬಿಡಿ' ಅಂತ ಮುಗಿಸುತ್ತೇವೆ. ಆ ಬುದ್ಧಿ ವಿಮಾನ ಹತ್ತಿ ಇಲ್ಲಿಗೂ ಬರುತ್ತದೆ. ಇಲ್ಲಿ ಅನ್‌ಇನ್ಶೂರ್ಡ್ ಮೋಟರಿಸ್ಟ್ ಅನ್ನುವ ಕವರೇಜ್ ಇದೆ, ಚಿಕ್ಕದಾಗಿ ಯುಎಂ. ಇನ್ಶೂರೆನ್ಸ್ ಇಲ್ಲದವನು ಗುದ್ದಿದರೆ ಅವನ ಬದಲು ನಿಮ್ಮ ಕಂಪನಿಯೇ ದುಡ್ಡು ಕೊಡುವ ಕವರೇಜ್ ಅದು. ಕಂಪನಿ ಅದನ್ನು ಕೊಡಲೇಬೇಕು. ಬೇಡ ಅನ್ನುವವರು ಬರೆದುಕೊಡಬೇಕು. ನಾವು ಓದದೆ ಬರೆದುಕೊಡುತ್ತೇವೆ, ತಿಂಗಳಿಗೆ ನಾಲ್ಕು ಕಾಸು ಉಳಿಯಿತಲ್ಲ ಅಂತ ಖುಷಿಯನ್ನೂ ಪಡುತ್ತೇವೆ! ಕನಿಷ್ಠ ಮೊತ್ತವನ್ನೂ ನಂಬಬೇಡಿ. 2025ರ ಜನವರಿಯಿಂದ ಅದು ಒಬ್ಬರ ಗಾಯಕ್ಕೆ 30,000 ಡಾಲರ್. ಅದಕ್ಕೂ ಮೊದಲು ಎಷ್ಟೋ ದಶಕ 15,000ದಲ್ಲೇ ನಿಂತಿತ್ತು. ಇಲ್ಲಿನ ಆಸ್ಪತ್ರೆ ಬಿಲ್ ಒಮ್ಮೆ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ರಸ್ತೆಯ ಮೇಲಿನ ಮಾತು. ಪೊಲೀಸ್ ಬರುವವರೆಗೆ ಗಾಡಿ ನಡುರಸ್ತೆಯಿಂದ ಅಲುಗಾಡಬಾರದು ಅನ್ನುವುದು ನಮ್ಮೂರಿನ ಪದ್ಧತಿ. 880 ಹೆದ್ದಾರಿಯಲ್ಲಿ ಹಾಗೆ ನಿಂತರೆ ಎರಡನೇ ಅಪಘಾತ ಗ್ಯಾರಂಟಿ. ಕಾರು ಓಡುವಂತಿದ್ದರೆ ಪಕ್ಕಕ್ಕೆ ತನ್ನಿ. ಯಾರಿಗಾದರೂ ಪೆಟ್ಟಾಗಿದ್ದರೆ 911. ಮೊದಲ ಫೋಟೋ ಗುದ್ದಿದ ಗಾಡಿಯ ನಂಬರ್ ಪ್ಲೇಟಿನದು. ಕೊಲಿಷನ್ ಕವರೇಜ್, ಅಂದರೆ ತಪ್ಪು ಯಾರದೇ ಇರಲಿ ನಿಮ್ಮ ಕಾರಿನ ರಿಪೇರಿಗೆ ಕೊಡುವಂಥದ್ದು, ಇಲ್ಲದವರಿಗೆ ಯುಎಂನ ಕಾರು ರಿಪೇರಿ ಭಾಗದಲ್ಲಿ ಸಿಗುವುದೇ ಹೆಚ್ಚೆಂದರೆ 3,500 ಡಾಲರ್. ಗುದ್ದಿದ ಗಾಡಿ ಯಾವುದು ಅಂತ ಗೊತ್ತಿಲ್ಲದಿದ್ದರೆ ಅದೂ ಇಲ್ಲ. ಗುದ್ದಿದವನು ಇನ್ಶೂರೆನ್ಸ್ ಕಾರ್ಡ್ ತೋರಿಸಿದರೂ ಅದರ ಮೇಲಿನ ನಂಬರಿಗೆ ಫೋನ್ ಮಾಡಿ. ರದ್ದಾದ ಪಾಲಿಸಿಯ ಕಾರ್ಡನ್ನೂ ಜನ ಇಟ್ಟುಕೊಂಡು ಓಡಾಡುತ್ತಾರೆ.

ಆಮೇಲೆ ಆ ಮಾತು ಬರುತ್ತದೆ. 'ಪೊಲೀಸ್ ಬೇಡ, ಕ್ಯಾಶ್ ಕೊಡುತ್ತೇನೆ.' ಎದುರಿಗೆ ನಿಂತವನು ಎರಡು ಕೆಲಸ ಮಾಡಿ ಸುಸ್ತಾದವನಿರಬಹುದು, ನಮ್ಮ ಹಾಗೇ ಎಲ್ಲಿಂದಲೋ ಬಂದವನಿರಬಹುದು. ಕರುಳು ಚುರುಕ್ ಅನ್ನುತ್ತದೆ. ನಮಗೂ ವೀಸಾದ ಭಯ. ವರದಿಯಲ್ಲಿ ಹೆಸರು ಬಂದರೆ ಗ್ರೀನ್ ಕಾರ್ಡಿಗೆ ಏನಾಗುತ್ತದೋ ಅಂತ. ಗುದ್ದಿಸಿಕೊಂಡವರು ದೂರು ಕೊಡುವುದು ಯಾವ ಊರಿನ ಅಪರಾಧ? ಫ್ರೀಮಾಂಟ್‌ನಲ್ಲಿ ಪರಿಚಯದವರೊಬ್ಬರು ಹೀಗೇ 500 ಡಾಲರ್ ಈಸಿಕೊಂಡು ಕೈಕುಲುಕಿ ಬಂದರು. ಬಂಪರ್ ಬಿಚ್ಚಿಸಿದರೆ ಒಳಗಿನ ಸೆನ್ಸರ್‌ಗಳೂ ಹೋಗಿದ್ದವು. ಕುತ್ತಿಗೆ ನೋವು ಮಾರನೇ ದಿನ ಶುರುವಾಯಿತು. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಗುದ್ದಿದವನ ಜೊತೆ ರಾಜಿ ಮಾಡಿಕೊಂಡರೆ ಗಾಯಕ್ಕೆ ಸಿಗಬೇಕಾದ ಯುಎಂ ಹಣವೇ ಕೈತಪ್ಪಬಹುದು. ಇದು ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು? ಕರುಣೆ ತೋರಿಸಬೇಕೆನಿಸಿದರೆ ನೀರಿನ ಬಾಟಲಿ ಕೊಡಿ. ರಾಜಿ ಮಾತ್ರ ಬೇಡ.

ಕಾಗದಪತ್ರ ಹೆಚ್ಚೇನಿಲ್ಲ. ಪೊಲೀಸ್ ವರದಿ. ಗಾಯವಾಗಿದ್ದರೆ ಅಥವಾ ನಷ್ಟ 1,000 ಡಾಲರ್ ದಾಟಿದ್ದರೆ 10 ದಿನದೊಳಗೆ ಡಿಎಂವಿಗೆ, ಅಂದರೆ ಇಲ್ಲಿನ ಆರ್‌ಟಿಒಗೆ, ಎಸ್ಆರ್-1 ಅನ್ನುವ ಅಪಘಾತ ವರದಿಯ ಫಾರಂ. ಗುದ್ದಿ ಓಡಿಹೋಗಿದ್ದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಿ. ಗಾಯದ ಕ್ಲೇಮ್ ಎರಡು ವರ್ಷ ದಾಟಬಾರದು. ನಿಮ್ಮ ಕಂಪನಿಗೆ ಅವತ್ತೇ ಫೋನ್ ಮಾಡಿ. ತಪ್ಪು ನಿಮ್ಮದಲ್ಲದಿದ್ದರೆ ಅದಕ್ಕಾಗಿ ಪ್ರೀಮಿಯಂ ಏರಿಸಲು ಈ ರಾಜ್ಯದ ಕಾನೂನು ಬಿಡುವುದಿಲ್ಲ. ಸುಮ್ನೆ ಹೆದರಿ ಮುಚ್ಚಿಡಬೇಡಿ.

ಫಾರಂಗಿಂತ ಕಷ್ಟದ್ದು ರಸ್ತೆ ಬದಿಯಲ್ಲಿ ಒಂಟಿಯಾಗಿ ನಿಲ್ಲುವುದು. ಊರಿನಲ್ಲಾದರೆ ಕ್ಷಣದಲ್ಲಿ ಜನ ಸೇರುತ್ತಿದ್ದರು. ಒಬ್ಬ ನೀರು ತರುತ್ತಿದ್ದ, ಇನ್ನೊಬ್ಬ ಕೇಳದೇ ತೀರ್ಪು ಕೊಡುತ್ತಿದ್ದ, ಮತ್ತೊಬ್ಬ ಎಲ್ಲಿಯವರು ಅಂತ ಕೆದಕಿ ಕೊನೆಗೆ ನಮ್ಮ ದೊಡ್ಡಪ್ಪನ ಸ್ನೇಹಿತನೇ ಆಗಿರುತ್ತಿದ್ದ. ಆ ಗುಂಪನ್ನು ಆಗ ಬೈದುಕೊಂಡವರೇ ನಾವು. ಇಲ್ಲಿ ಹುಟ್ಟಿದ ಮಕ್ಕಳಿಗೆ ಅದು ಬೇಕು ಅಂತಲೂ ಅನ್ನಿಸುವುದಿಲ್ಲ. ಹಿಂದಿನ ಸೀಟಿನಿಂದ ಇಳಿದು ಪೊಲೀಸಿನವರ ಜೊತೆ ಸಲೀಸಾಗಿ ಮಾತಾಡುತ್ತಾರೆ. ಸ್ಟೇಷನ್ನಿನಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದಾರಾ ಅಂತ ಹುಡುಕುವ ಚಾಳಿ ನಮ್ಮದು ಮಾತ್ರ. ಅದಕ್ಕೇ ಕನ್ನಡ ಕೂಟದಲ್ಲೋ ಅಪಾರ್ಟ್‌ಮೆಂಟಿನಲ್ಲೋ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿದರೆ 'ಎಲ್ಲಿದ್ದೀರಿ, ಬಂದೆ' ಅನ್ನುವವರು ಬೇಕು. ಬೇರೆಯವರಿಗೆ ನೀವೂ ಹಾಗೇ ಹೋಗಬೇಕಾಗುತ್ತದೆ, ಅಲ್ವಾ?

ಅಪ್ಪ ಅಮ್ಮ ಬರುವವರಿದ್ದರೆ ಇನ್ನೊಂದು ಕೆಲಸ. ಊರಿನಿಂದ ತರುವ ಟ್ರಾವೆಲ್ ಇನ್ಶೂರೆನ್ಸಿನ ಷರತ್ತುಗಳು ಒಂದೆರಡಲ್ಲ. ನಿಮ್ಮ ಕಾರಿನ ಯುಎಂ ಜೊತೆಯಲ್ಲಿ ಕೂತವರಿಗೂ ಅನ್ವಯಿಸುತ್ತದೆ. ಮೆಡಿಕಲ್ ಪೇಮೆಂಟ್ಸ್ ಅನ್ನುವ ಇನ್ನೊಂದು ಕವರೇಜ್, ತಪ್ಪು ಯಾರದೇ ಇರಲಿ, ಆಸ್ಪತ್ರೆ ಖರ್ಚಿಗೆ ಅದರ ಮಿತಿಯವರೆಗೆ ಕೊಡುತ್ತದೆ. ಅವರಿಗೆ ಟಿಕೆಟ್ ಬುಕ್ ಮಾಡುವ ದಿನವೇ ನಿಮ್ಮ ಕಾರಿನ ಪಾಲಿಸಿ ಬಿಚ್ಚಿ ಈ ಎರಡೂ ಇವೆಯಾ, ಎಷ್ಟಿವೆ ಅಂತ ನೋಡಿ. ಇಲ್ಲದಿದ್ದರೆ ಅವತ್ತೇ ಸೇರಿಸಿ.